ಹೆಸರು ತಿಳಿಯದ ಹೂಗಿಡವನ್ನು ಗುರುತಿಸುವುದು ಹೇಗೆ?

ಅಂಗಳದಲ್ಲಿ ಅರಳಿದ ಹೂವೊಂದರ ಚಿತ್ರವನ್ನು ಹತ್ತಿರದಿಂದ ತೆಗೆದು "ಇದು ಯಾವ ಗಿಡ?" ಎಂದು ಕೇಳುವ ಓದುಗರು ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರದ ಕಡೆಗಳಿಂದ ಮತ್ತೆ ಮತ್ತೆ ಬರೆಯುತ್ತಿರುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಎಸಳಿನ ಮೇಲೆ ನಿಂತ ನೀರಹನಿಯೂ ಕಾಣುತ್ತದೆ. ಆದರೆ ಎಲೆ ಹೇಗಿದೆ, ಅದು ಗೆಲ್ಲಿಗೆ ಹೇಗೆ ಸೇರಿದೆ, ಗಿಡ ಎಷ್ಟೆತ್ತರ ಬೆಳೆದಿದೆ, ತೊಟ್ಟು ಮುರಿದರೆ ಹಾಲು ಬರುತ್ತದೆಯೇ ಎಂಬ ಯಾವ ವಿವರವೂ ಅದರಲ್ಲಿ ಇರುವುದಿಲ್ಲವಾದ್ದರಿಂದ ಉತ್ತರ ಕೊಡುವವರು ಊಹೆಯನ್ನೇ ಹೇಳಬೇಕಾಗುತ್ತದೆ. ಗಿಡದ ಗುರುತುಗಳಲ್ಲಿ ಹೂವಿನ ಬಣ್ಣ ತೀರ ದುರ್ಬಲವಾದದ್ದು. ಎಲೆ, ಗೆಣ್ಣು, ಸೊನೆ, ಕಾಯಿಗಳು ಹೇಳುವಷ್ಟನ್ನು ಅದು ಹೇಳಲಾರದು. ಆದ್ದರಿಂದ ಮನೆಯಂಗಳದ ಗಿಡವೊಂದನ್ನು ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು, ಸಿಕ್ಕಿದ ಹೆಸರನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಮೊಬೈಲ್ ಫೋನು, ಸೆಂಟಿಮೀಟರ್ ಗುರುತುಗಳಿರುವ ಸ್ಕೇಲು, ಒಂದು ಬ್ಲೇಡು, ಬಿಳಿ ಕಾಗದ, ಟಿಪ್ಪಣಿ ಪುಸ್ತಕ, ಮತ್ತು ಸಾಧ್ಯವಾದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಇದ್ದರೆ ಸಾಕು.

ಆರಂಭಿಸುವ ಮುನ್ನ ಒಂದು ಎಚ್ಚರಿಕೆ. ಹೆಸರು ತಿಳಿಯದ ಗಿಡದ ಯಾವ ಭಾಗವನ್ನೂ ನಾಲಗೆಗೆ ತಾಗಿಸಬೇಡಿ. ಕೇಪಳದ ಹೂವಿನ ಬುಡವನ್ನು ಚೀಪಿ ಬೆಳೆದವರು ನಮ್ಮ ಕರಾವಳಿಯಲ್ಲಿ ಅಸಂಖ್ಯ ಮಂದಿ ಇದ್ದಾರೆ. ಆ ರೂಢಿಯನ್ನು ಗೊತ್ತಿಲ್ಲದ ಗಿಡಗಳಿಗೆ ವಿಸ್ತರಿಸಬಾರದು. ಕಣಗಿಲೆ ಮತ್ತು ಹಳದಿ ಕಣಗಿಲೆ ಎರಡರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಬೇಲಿಯ ಮೇಲೆ ಕೆಂಪು ಹಳದಿಯಾಗಿ ಅರಳುವ ಗೌರಿ ಹೂವಿನ ಗೆಡ್ಡೆ ಮಾರಕ. ಉಮ್ಮತ್ತಿಯ ಬೀಜವೂ ಹಾಗೆಯೇ. ಸೊನೆ ಮುಟ್ಟಿದ ಕೈಯಿಂದ ಕಣ್ಣನ್ನು ಉಜ್ಜಬೇಡಿ, ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಮಗುವೋ ದನವೋ ಯಾವುದಾದರೂ ಗಿಡವನ್ನು ತಿಂದ ಸಂದರ್ಭದಲ್ಲಿ ಹೆಸರು ಹುಡುಕುತ್ತ ಕೂರಬೇಡಿ. ಮಗುವಾದರೆ ಎಲೆ, ಹೂ, ಕಾಯಿ ಇರುವ ಒಂದು ಗೆಲ್ಲನ್ನು ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ, ದನವಾದರೆ ಪಶುವೈದ್ಯರನ್ನು ಕರೆಸಿ.

1. ಗಿಡ ಎಲ್ಲಿಂದ ಬಂತೆಂದು ವಿಚಾರಿಸಿ

ನಮ್ಮಲ್ಲಿ ಹೂಗಿಡಗಳು ಅಂಗಳ ಸೇರುವ ದಾರಿ ಸಾಮಾನ್ಯವಾಗಿ ಮೂರು: ನರ್ಸರಿಯಿಂದ ತಂದದ್ದು, ನೆಂಟರ ಅಥವಾ ನೆರೆಮನೆಯವರ ಗಿಡದಿಂದ ಗೆಲ್ಲು ಮುರಿದು ತಂದು ನೆಟ್ಟದ್ದು, ಹಕ್ಕಿಯ ಹಿಕ್ಕೆಯಿಂದಲೋ ಮಣ್ಣಿನ ಜೊತೆಗೋ ತಾನಾಗಿ ಬಂದು ಹುಟ್ಟಿದ್ದು. ಈ ಮೂರರಲ್ಲಿ ನಿಮ್ಮದು ಯಾವುದೆಂದು ತಿಳಿದರೆ ಹುಡುಕಾಟದ ಅರ್ಧ ಭಾರ ಇಳಿಯುತ್ತದೆ. ತಾನಾಗಿ ಹುಟ್ಟಿದ ಗಿಡ ನಮ್ಮ ಗುಡ್ಡ ಬಯಲುಗಳ ಸಸ್ಯವಾಗಿರುವ ಸಾಧ್ಯತೆ ಹೆಚ್ಚು. ನರ್ಸರಿಯ ಗಿಡಕ್ಕೆ ಪ್ರಪಂಚದ ಯಾವ ಮೂಲೆಯೂ ತವರಾಗಿರಬಹುದು. ನಾವು ನಮ್ಮದೇ ಎಂದು ಭಾವಿಸಿರುವ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು, ಪಾಗಾರದ ಮೇಲೆ ಹಬ್ಬುವ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ನೆರೆಮನೆಯಿಂದ ಬಂದದ್ದಾದರೆ ಅಲ್ಲಿನ ಹಿರಿಯರು ಹೇಳುವ ಕನ್ನಡ, ತುಳು ಅಥವಾ ಕೊಂಕಣಿ ಹೆಸರನ್ನು ಕೇಳಿ ಬರೆದುಕೊಳ್ಳಿ. ಆ ಹೆಸರೇ ಅಂತಿಮವಲ್ಲ, ಆದರೆ ಒಳ್ಳೆಯ ಸುಳಿವು.

2. ದೂರ ನಿಂತು ಗಿಡದ ಆಕಾರ ನೋಡಿ

ಹೂವಿನ ಹತ್ತಿರ ಹೋಗುವ ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಒಂದೇ ಕಾಂಡದ ಮರವೇ, ಬುಡದಿಂದಲೇ ಹಲವು ಗೆಲ್ಲು ಒಡೆಯುವ ಪೊದೆಯೇ, ಮೆತ್ತನೆಯ ದಂಟಿನ ಸಣ್ಣ ಗಿಡವೇ, ಬಳ್ಳಿಯೇ, ನೆಲದಡಿಯ ಗೆಡ್ಡೆಯಿಂದ ಮೇಲೆ ಬರುವುದೇ ಎಂಬುದನ್ನು ಬರೆದುಕೊಳ್ಳಿ. ಬಳ್ಳಿಯಾದರೆ ಅದು ಹೇಗೆ ಹತ್ತುತ್ತದೆ ಎಂಬುದು ಮುಖ್ಯ. ಶಂಖಪುಷ್ಪ ತನ್ನ ಕುಡಿಯನ್ನೇ ಆಸರೆಗೆ ಸುತ್ತಿಕೊಂಡು ಏರುತ್ತದೆ. ಗೌರಿ ಹೂವಿನ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಮನೋರಂಜಿತದ ಹೂತೊಟ್ಟು ಕೊಕ್ಕೆಯಂತೆ ಬಾಗಿರುತ್ತದೆ. ಬೋಗನ್‌ವಿಲ್ಲಾ ಮುಳ್ಳುಗಳನ್ನು ಸಿಕ್ಕಿಸಿಕೊಂಡು ಒರಗುತ್ತದೆ. ಇಷ್ಟು ಗಮನಿಸಿದರೆ ಎಷ್ಟೋ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ಕುಂಡದಲ್ಲಿರುವ ಗಿಡದ ಎತ್ತರವನ್ನು ನಂಬಬೇಡಿ. ನೆಲದಲ್ಲಿ ಮರವಾಗುವ ಸಂಪಿಗೆಯೂ ಕುಂಡದಲ್ಲಿ ಮೊಣಕಾಲೆತ್ತರ ನಿಂತೀತು.

3. ಎಲೆಯನ್ನು ಓದಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಹೂ ಕೆಲವು ದಿನಗಳದ್ದು, ಎಲೆ ವರ್ಷವಿಡೀ ಇರುವಂಥದ್ದು.

ಮೊದಲು ಎಲೆಗಳ ಜೋಡಣೆ. ಎಲೆ ಗೆಲ್ಲಿಗೆ ಸೇರುವ ಉಬ್ಬಿದ ಜಾಗಕ್ಕೆ ಗೆಣ್ಣು ಎನ್ನುತ್ತಾರೆ. ಒಂದು ಗೆಣ್ಣಿಗೆ ಒಂದೇ ಎಲೆಯಿದ್ದು, ಮುಂದಿನ ಗೆಣ್ಣಿನದು ಬೇರೆ ದಿಕ್ಕಿಗಿದ್ದರೆ ಅದು ಪರ್ಯಾಯ ಜೋಡಣೆ, ದಾಸವಾಳ ಹೀಗಿದೆ. ಒಂದೇ ಗೆಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿದ್ದರೆ ಅಭಿಮುಖ ಜೋಡಣೆ. ಕೇಪಳ, ನಂದಿಬಟ್ಟಲು, ಮಲ್ಲಿಗೆ ಈ ಬಗೆಯವು. ಮೂರು ಅಥವಾ ಹೆಚ್ಚು ಎಲೆಗಳು ಒಂದೇ ಗೆಣ್ಣನ್ನು ಸುತ್ತುವರಿದಿದ್ದರೆ ಸುತ್ತು ಜೋಡಣೆ. ಕಣಗಿಲೆಯ ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ. ತುದಿಯ ಚಿಗುರಿನಲ್ಲಿ ಎಲ್ಲ ಎಲೆಗಳೂ ಒತ್ತೊತ್ತಾಗಿ ಇರುವುದರಿಂದ ಅಲ್ಲಿ ನೋಡಿ ತೀರ್ಮಾನಿಸಬಾರದು. ಗೆಲ್ಲಿನ ನಡುಭಾಗದಲ್ಲಿ, ಎಲೆ ಉದುರದ ಮೂರು ನಾಲ್ಕು ಗೆಣ್ಣುಗಳನ್ನು ನೋಡಿ.

ಎರಡನೆಯದು ಎಲೆ ಒಂಟಿಯೇ, ಸಂಯುಕ್ತವೇ ಎಂಬುದು. ಸಂಯುಕ್ತ ಎಲೆ ಎಂದರೆ ಒಂದೇ ತೊಟ್ಟಿಗೆ ಹಲವು ಕಿರುಎಲೆಗಳು ಸೇರಿರುವ ಎಲೆ. ನುಗ್ಗೆ, ಕರಿಬೇವು, ಆಕಾಶಮಲ್ಲಿಗೆ ಇವಕ್ಕೆ ಉದಾಹರಣೆ. ಕಿರುಎಲೆಯನ್ನು ಪೂರ್ಣ ಎಲೆಯೆಂದು ತಿಳಿಯುವುದು ಬಹಳ ಜನ ಎಡವುವ ಜಾಗ. ಹಾಗೆ ತಿಳಿದರೆ ಜೋಡಣೆಯ ಲೆಕ್ಕವೂ ತಪ್ಪುತ್ತದೆ. ಇದಕ್ಕೆ ಖಚಿತವಾದ ಪರೀಕ್ಷೆಯೊಂದಿದೆ. ಎಲೆಯ ತೊಟ್ಟು ಗೆಲ್ಲಿಗೆ ಸೇರುವ ಮೂಲೆಯಲ್ಲಿ, ಅಂದರೆ ಎಲೆಯ ಕಂಕುಳಿನಲ್ಲಿ, ಸಣ್ಣದೊಂದು ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಅಂಥ ಮೊಗ್ಗು ಎಂದಿಗೂ ಇರುವುದಿಲ್ಲ. ಮೊಗ್ಗು ಸಿಗುವವರೆಗೂ ಬುಡದ ಕಡೆಗೆ ಹುಡುಕುತ್ತ ಹೋಗಿ. ಮೊಗ್ಗಿನಿಂದಾಚೆಗೆ ಇರುವುದೆಲ್ಲ ಸೇರಿ ಒಂದೇ ಎಲೆ.

ಮೂರನೆಯದು ಸೊನೆ. ಎಲೆಯ ತೊಟ್ಟನ್ನು ಮುರಿದು ಕೆಲವು ಕ್ಷಣ ಕಾಯಿರಿ. ಬಿಳಿಯ ಹಾಲು ಒಸರುವುದು ಬಹುಮುಖ್ಯ ಗುರುತು. ಇದರ ಉಪಯೋಗಕ್ಕೆ ನಮ್ಮ ಅಂಗಳಗಳಲ್ಲೇ ಒಳ್ಳೆಯ ನಿದರ್ಶನವಿದೆ: ಹಲವು ಸುತ್ತು ಎಸಳಿನ ನಂದಿಬಟ್ಟಲನ್ನೂ ಗಂಧರಾಜವನ್ನೂ ಜನ ಒಂದಕ್ಕೊಂದು ಅದಲು ಬದಲು ಮಾಡಿ ಹೇಳುತ್ತಾರೆ. ಎರಡೂ ಪೊದೆಗಳು, ಎರಡಕ್ಕೂ ಹೊಳೆಯುವ ಹಸಿರು ಎಲೆ, ಎರಡರದೂ ದಪ್ಪನೆಯ ಬಿಳಿ ಹೂ. ನಂದಿಬಟ್ಟಲಿನ ಎಲೆ ಕಿತ್ತರೆ ಕೂಡಲೇ ಹಾಲು ಬರುತ್ತದೆ, ಗಂಧರಾಜದಲ್ಲಿ ಹಾಲಿಲ್ಲ. ಇನ್ನೂ ಹತ್ತಿರದಿಂದ ನೋಡುವುದಾದರೆ, ಗಂಧರಾಜದ ಗೆಣ್ಣಿನಲ್ಲಿ ಎಲೆಗಳ ತೊಟ್ಟಿನ ನಡುವೆ ಕಾಂಡವನ್ನು ಅಪ್ಪಿಕೊಂಡ ಪುಟ್ಟ ಪೊರೆಯಂಥ ಭಾಗವಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಉಪಪರ್ಣ ಎನ್ನುತ್ತಾರೆ. ಕೇಪಳದಲ್ಲಿ ಅದೇ ಭಾಗ ಸೂಜಿಮೊನೆಯ ತ್ರಿಕೋನದಂತಿರುತ್ತದೆ. ಭೂತಗನ್ನಡಿ ಹಿಡಿದು ಎರಡು ಎಲೆಗಳ ನಡುವಿನ ಕಾಂಡವನ್ನು ತಿರುಗಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಅಭಿಮುಖ ಎಲೆ ಮತ್ತು ಅವುಗಳ ನಡುವೆ ಉಪಪರ್ಣ, ಇವೆರಡೂ ಇದ್ದರೆ ಗಿಡ ಕಾಫಿ, ಕೇಪಳ, ಗಂಧರಾಜಗಳ ಕುಟುಂಬದ್ದೆಂದು ಹೂವಿಲ್ಲದ ಕಾಲದಲ್ಲೂ ಹೆಚ್ಚುಕಡಿಮೆ ಹೇಳಬಹುದು.

ಇನ್ನುಳಿದವನ್ನು ಬೇಗ ನೋಡಿ ಮುಗಿಸಬಹುದು. ಎಲೆಯನ್ನು ಉಜ್ಜಿ ವಾಸನೆ ನೋಡಿ. ಎಳೆಯ ದಂಟನ್ನು ಬೆರಳ ನಡುವೆ ಹೊರಳಿಸಿ. ಚೌಕವಾಗಿದ್ದು ಎಲೆ ಅಭಿಮುಖವಾಗಿಯೂ ಪರಿಮಳವುಳ್ಳದ್ದಾಗಿಯೂ ಇದ್ದರೆ ತುಳಸಿಯ ಕುಟುಂಬವನ್ನು ನೆನೆಯಿರಿ. ನರಗಳು ಬುಡದಿಂದ ತುದಿಗೋ ನಡುನರದಿಂದ ಅಂಚಿಗೋ ಸಮಾನಾಂತರವಾಗಿ ಹೋಗಿದ್ದರೆ ಅದು ಲಿಲ್ಲಿ, ಸುಗಂಧಿ, ಕಾಬಾಳೆಗಳಂಥ ಏಕದಳ ಸಸ್ಯವಾಗಿರಬಹುದು. ಬಲೆಯಂತೆ ಹೆಣೆದಿದ್ದರೆ ದ್ವಿದಳ. ಮೂರು ಅಥವಾ ಐದು ದಪ್ಪ ನರಗಳು ಬುಡದಿಂದ ಹೊರಟು ಬಿಲ್ಲಿನಂತೆ ಬಾಗಿ ತುದಿಯಲ್ಲಿ ಕೂಡಿದರೆ, ಗುಡ್ಡಗಳಲ್ಲಿ ನೇರಳೆ ಹೂ ಬಿಡುವ ನೆಕ್ಕರೆಯ ಕುಟುಂಬವನ್ನು ಪರಿಶೀಲಿಸಿ. ಎಳೆ ಗೆಲ್ಲಿನ ಪ್ರತಿ ಗೆಣ್ಣಿನಲ್ಲೂ ಉಂಗುರದಂಥ ಗೀರು ಕಂಡರೆ ಅದು ಸಂಪಿಗೆಯ ಬಳಗದ ಲಕ್ಷಣ.

ಎಲೆಯ ಲಕ್ಷಣಗಳಿಂದಲೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ, ಓದುಗರು ಅತಿ ಹೆಚ್ಚು ಕೇಳುವ "ಹಳದಿ ತುತ್ತೂರಿ ಹೂ"ವನ್ನೇ ತೆಗೆದುಕೊಳ್ಳೋಣ. ಈ ವರ್ಣನೆಗೆ ಒಗ್ಗುವ ಮೂರು ಗಿಡಗಳು ಮಂಗಳೂರಿನ ಒಂದೇ ಬೀದಿಯಲ್ಲಿ ಸಿಗಬಹುದು. ಎಲೆಗಳು ಮೂರು ನಾಲ್ಕು ಸೇರಿ ಗೆಣ್ಣನ್ನು ಸುತ್ತಿವೆ, ಅಗಲವಾಗಿವೆ, ಮುರಿದರೆ ಹಾಲು ಬರುತ್ತದೆ ಎಂದಾದರೆ ಅದು ಅಲಮಾಂಡ. ಎಲೆ ಕಡ್ಡಿಯಂತೆ ಕಿರಿದಾಗಿದ್ದು, ಗೆಣ್ಣಿಗೊಂದರಂತೆ ಸುತ್ತಿಕೊಂಡು ಏರುತ್ತ, ಹಾಲೂ ಬಂದರೆ ಹಳದಿ ಕಣಗಿಲೆ. ಇದು ಮೇಲೆ ಹೇಳಿದ ವಿಷದ ಗಿಡ. ಹಾಲೇ ಇಲ್ಲ, ಎಲೆಗಳು ಅಭಿಮುಖವಾಗಿವೆ, ಪ್ರತಿ ಎಲೆಯಲ್ಲೂ ಅಂಚು ಗರಗಸದಂತಿರುವ ಹಲವು ಕಿರುಎಲೆಗಳಿವೆ ಎಂದಾದರೆ ಟೆಕೋಮ. ಕಾಯಿಯೂ ಇದನ್ನೇ ಹೇಳುತ್ತದೆ: ಅಲಮಾಂಡದ ಕಾಯಿಗೆ ಮೈತುಂಬ ಮುಳ್ಳು, ಹಳದಿ ಕಣಗಿಲೆಯದು ಮೂಲೆಮೂಲೆಯಾದ ಹಸಿರು ಗುಂಡು, ಟೆಕೋಮದ್ದು ಉದ್ದನೆಯ ಸಪೂರ ಕೋಡು. ಹೂವಿನ ಹತ್ತಿರದ ಚಿತ್ರ ಮಾತ್ರ ಇದ್ದಿದ್ದರೆ, ವಿಷದ ಗಿಡ ಯಾವುದು, ಅಲ್ಲದ್ದು ಯಾವುದು ಎಂದು ಧೈರ್ಯವಾಗಿ ಹೇಳುವುದು ಕಷ್ಟವಾಗುತ್ತಿತ್ತು.

4. ಹೂವನ್ನು ಬಿಡಿಸಿ ನೋಡಿ

ಈಗ ಹೂವಿನ ಸರದಿ. ಬೆಳಗ್ಗೆ ಅರಳಿದ ತಾಜಾ ಹೂವೊಂದನ್ನೂ ಬಲಿತ ಮೊಗ್ಗೊಂದನ್ನೂ ಕಿತ್ತು ಬಿಳಿ ಕಾಗದದ ಮೇಲಿಡಿ. ಹೊರಗಿನಿಂದ ಒಳಕ್ಕೆ ನಾಲ್ಕು ಸುತ್ತುಗಳನ್ನು ಗುರುತಿಸಬೇಕು: ಸಾಮಾನ್ಯವಾಗಿ ಹಸಿರಾಗಿರುವ ಪುಷ್ಪಪತ್ರಗಳು, ಬಣ್ಣದ ಎಸಳುಗಳು, ಪರಾಗದ ಪುಡಿಯನ್ನು ಹೊತ್ತ ಕೇಸರಗಳು, ನಡುವೆ ಶಲಾಕೆ, ಅಂದರೆ ಮುಂದೆ ಕಾಯಿಯಾಗುವ ಅಂಡಾಶಯವನ್ನು ಬುಡದಲ್ಲಿ ಹೊಂದಿರುವ ಹೆಣ್ಣುಭಾಗ. ಪ್ರತಿಯೊಂದರ ಸಂಖ್ಯೆಯನ್ನೂ, ಅವು ಬಿಡಿಯಾಗಿವೆಯೇ ಒಂದಕ್ಕೊಂದು ಕೂಡಿವೆಯೇ ಎಂಬುದನ್ನೂ ಬರೆಯಿರಿ.

ಕಲಿಯುವುದಕ್ಕೆ ಒಂಟಿ ಸುತ್ತಿನ ಕೆಂಪು ದಾಸವಾಳಕ್ಕಿಂತ ಒಳ್ಳೆಯ ಹೂವಿಲ್ಲ. ಅದರ ಹಸಿರು ಬಟ್ಟಲಿನ ಹೊರಗೆ ಸಪೂರ ಎಲೆಗಳ ಇನ್ನೊಂದು ಸುತ್ತು ಇದೆ, ಐದು ಎಸಳುಗಳಿವೆ, ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಾಗಿ, ಆ ಕೊಳವೆಯ ಒಳಗಿನಿಂದ ಶಲಾಕೆಯ ನಾಳ ಹೊರಬಂದು ತುದಿಯಲ್ಲಿ ಐದು ಕೆಂಪು ಗುಂಡಿಗಳಾಗಿ ಒಡೆಯುತ್ತದೆ. ಕೇಸರಗಳ ಈ ಕೊಳವೆಯನ್ನು ಒಮ್ಮೆ ಕಣ್ಣಾರೆ ಕಂಡವರು ಬೇರೆ ಹೂಗಳಲ್ಲೂ ಅದೇ ವಿನ್ಯಾಸವನ್ನು ಹುಡುಕಬಹುದು; ಬೆಂಡೆ ಮತ್ತು ಹತ್ತಿಯಲ್ಲಂತೂ ತಪ್ಪದೆ ಸಿಗುತ್ತದೆ. ಜೂಕೆಯಂತೆ ಕೆಳಗೆ ತೂಗುವ, ಎಸಳು ಸೀಳುಸೀಳಾಗಿರುವ ದಾಸವಾಳವನ್ನೂ ಇದೇ ಕೊಳವೆ ಪತ್ತೆ ಮಾಡಿಕೊಡುತ್ತದೆ.

ಕೇಪಳವನ್ನೂ ಪೆಂಟಾಸನ್ನೂ ಪ್ರತ್ಯೇಕಿಸಲು ಎಸಳಿನ ಸಂಖ್ಯೆಯೇ ಸಾಕು. ಎರಡರಲ್ಲೂ ಉದ್ದ ಕೊಳವೆಯ ಪುಟ್ಟ ಹೂಗಳು ಗೊಂಚಲಾಗಿ ನಿಲ್ಲುತ್ತವೆ; ಕೇಪಳಕ್ಕೆ ನಾಲ್ಕು ಎಸಳು, ಪೆಂಟಾಸಿಗೆ ಐದು. ಅಬ್ಬಲಿಗೆಯಲ್ಲಿ ಎಸಳುಗಳೆಲ್ಲ ಒಂದೇ ಬದಿಗೆ ಬೀಸಣಿಗೆಯಂತೆ ಹರಡುತ್ತವೆ, ಇನ್ನೊಂದು ಬದಿ ಖಾಲಿ. ಉಮ್ಮತ್ತಿಯ ಹೂ ಮೇಲ್ಮುಖವಾಗಿ ನಿಂತರೆ, ಅದರ ಹತ್ತಿರದ ನೆಂಟನಾದ ಬ್ರಗ್‌ಮಾನ್ಸಿಯದ್ದು ಕೆಳಮುಖವಾಗಿ ತೂಗುತ್ತದೆ, ಎರಡೂ ವಿಷವೇ.

ಅಂಡಾಶಯ ಎಲ್ಲಿದೆ ಎಂದು ನೋಡುವುದಕ್ಕೆ ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಬೇಕು. ಪುಷ್ಪಪತ್ರ ಮತ್ತು ಎಸಳುಗಳು ಹೊರಡುವ ಜಾಗದ ಮೇಲಿದ್ದರೆ ಉಚ್ಚ, ಕೆಳಗಿದ್ದರೆ ನೀಚ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನಂದಿಬಟ್ಟಲಿನಲ್ಲಿ ಮೇಲೆ, ಗಂಧರಾಜದಲ್ಲಿ ಕೆಳಗೆ.

ಹೂವಿನ ಹಂತದಲ್ಲಿ ಮೋಸ ಹೋಗುವ ಸಂದರ್ಭಗಳು ಮೂರು ಬಗೆಯವು. ಮೊದಲನೆಯದು, ಎಸಳಲ್ಲದ್ದನ್ನು ಎಸಳೆಂದು ಎಣಿಸುವುದು. ಬೋಗನ್‌ವಿಲ್ಲಾದಲ್ಲಿ ಕಾಗದದಂತೆ ಕಾಣುವ ಬಣ್ಣದ ಮೂರು ಭಾಗಗಳು ಎಲೆಗಳು; ಪ್ರತಿಯೊಂದರ ನಡುನರಕ್ಕೆ ಅಂಟಿಕೊಂಡಿರುವ ಸಣ್ಣ ಕೊಳವೆಯೇ ನಿಜವಾದ ಹೂ. ಮುಸ್ಸಾಂಡದಲ್ಲಿ ಬಿಳಿ ಅಥವಾ ಗುಲಾಬಿ ಬಣ್ಣಕ್ಕೆ ಹಿಗ್ಗಿರುವುದು ಪುಷ್ಪಪತ್ರ. ಆಂಥೂರಿಯಂನ ಕೆಂಪು ಹಾಳೆಯೂ ಎಲೆಯ ಮಾರ್ಪಾಡೇ, ಹೂಗಳಿರುವುದು ನಡುವಿನ ಕಡ್ಡಿಯ ಮೇಲೆ. ಸೀತಾ ಅಶೋಕದ ಹೂವಿಗೆ ಎಸಳೇ ಇಲ್ಲ; ಕಿತ್ತಳೆ ಬಣ್ಣದಲ್ಲಿ ಕಾಣುವುದು ಅದರ ಪುಷ್ಪಪತ್ರಗಳು.

ಎರಡನೆಯದು ಬಹುಸುತ್ತಿನ ಹೂಗಳು. ತೋಟಗಾರಿಕೆಯವರು ಆರಿಸಿ ಬೆಳೆಸಿದ ಇಂಥ ತಳಿಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ. ಅಂಥ ಗಿಡದಲ್ಲಿ ಎಲೆಯನ್ನೇ ನೆಚ್ಚಿಕೊಳ್ಳಬೇಕು.

ಮೂರನೆಯದು ಬಣ್ಣ ಬದಲಾಯಿಸುವ ಹೂಗಳು. ರಂಗೂನ್ ಬಳ್ಳಿಯ ಹೂ ಸಂಜೆ ಬಿಳಿಯಾಗಿ ಅರಳಿ, ಮುಂದೆ ಗುಲಾಬಿಯಾಗಿ, ಕೊನೆಗೆ ಕೆಂಪಾಗುತ್ತದೆ. ಬೆಟ್ಟದಾವರೆ ಬೆಳಗ್ಗೆ ಬಿಳಿ, ಸಂಜೆಗೆ ಕೆಂಪು. ಬ್ರುನ್‌ಫೆಲ್ಸಿಯ ಎಂಬ ಪೊದೆಯಲ್ಲಿ ನೇರಳೆ ಹೂ ದಿನಗಳೆದಂತೆ ಬಿಳಿಯಾಗುತ್ತದೆ. ಒಂದೇ ಗಿಡದಲ್ಲಿ ಎರಡು ಮೂರು ಬಣ್ಣದ ಹೂ ಕಂಡರೆ ಕಸಿ ಮಾಡಿದ್ದಾರೆಂದು ಭಾವಿಸುವ ಮೊದಲು ಒಂದೇ ಮೊಗ್ಗಿಗೆ ದಾರ ಕಟ್ಟಿ ಮೂರು ದಿನ ಗಮನಿಸಿ. ಹೂ ಅರಳುವ ಹೊತ್ತನ್ನೂ ಆಗಲೇ ಬರೆದುಕೊಳ್ಳಿ. ಪಾರಿಜಾತದಂತೆ ರಾತ್ರಿ ಅರಳಿ ಬೆಳಗಾಗುವಾಗ ಉದುರುವುದು ಕೂಡ ಗುರುತೇ.

5. ಕಾಯಿಗೆ ಕಾಯಿರಿ

ಸಸ್ಯಶಾಸ್ತ್ರಜ್ಞರು ಕಾಯಿಗೆ ಕೊಡುವ ಬೆಲೆಯನ್ನು ಮನೆಯಂಗಳದ ಆಸಕ್ತರು ಕೊಡುವುದು ಕಡಿಮೆ. ಬಾಡಿದ ಹೂವನ್ನು ಕೂಡಲೇ ಕಿತ್ತು ಎಸೆಯುವ ಅಭ್ಯಾಸವಿದ್ದರೆ ಗುರುತಿಸಬೇಕಾದ ಗಿಡದಲ್ಲಿ ಒಂದೆರಡು ಗೊಂಚಲನ್ನಾದರೂ ಹಾಗೆಯೇ ಬಿಡಿ. ಅಬ್ಬಲಿಗೆಯ ಒಣಗಿದ ಕಾಯಿಯನ್ನು ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಚಟ್ಟೆಂದು ಒಡೆದು ಬೀಜ ಸಿಡಿಯುತ್ತದೆ. ಸಿಡಿಯುವ ಕಾಯಿ ಆ ಕುಟುಂಬದ ಬಹಳಷ್ಟು ಗಿಡಗಳ ಲಕ್ಷಣ, ಗೋರಟೆಯೂ ಅದೇ ಕುಟುಂಬದ್ದು. ಅವರೆಯಂಥ ಕೋಡು, ಜೋಡಿಯಾಗಿ ನಿಲ್ಲುವ ಕಾಯಿ, ರೆಕ್ಕೆಯಿರುವ ಬೀಜ, ರಸಭರಿತ ಹಣ್ಣು ಇವುಗಳಲ್ಲಿ ಯಾವುದಿದ್ದರೂ ಚಿತ್ರ ತೆಗೆದು, ಅಡ್ಡಕ್ಕೆ ಕೊಯ್ದು ಒಳಗಿನ ಕೋಣೆಗಳನ್ನು ಎಣಿಸಿ. ಗೆಲ್ಲಿನಿಂದಲೇ ಬೆಳೆಸುವ ಕೆಲವು ತಳಿಗಳು ಕಾಯಿ ಬಿಡುವುದೇ ಇಲ್ಲ. ಆಗ ಈ ಹಂತವನ್ನು ಬಿಡಬೇಕಾಗುತ್ತದೆ.

6. ಚಿತ್ರಗಳನ್ನು ಕ್ರಮವಾಗಿ ತೆಗೆಯಿರಿ

ಇಡೀ ಗಿಡದ ಒಂದು ಚಿತ್ರ, ಗೆಲ್ಲಿನ ನಡುಭಾಗದಲ್ಲಿ ಎಲೆ ಜೋಡಣೆ ಕಾಣುವ ಒಂದು, ಎಲೆಯ ಮೇಲ್ಮೈ ಮತ್ತು ತಳಮೈ, ಹೂವನ್ನು ಎದುರಿನಿಂದ, ಹೂವನ್ನು ಬದಿಯಿಂದ ಅದರ ತೊಟ್ಟು ಸಮೇತ, ಕಾಯಿ ಇದ್ದರೆ ಕಾಯಿ, ಮರವಾದರೆ ತೊಗಟೆ. ಬದಿಯಿಂದ ತೆಗೆಯುವ ಚಿತ್ರವನ್ನು ಬಹುತೇಕ ಯಾರೂ ಕಳುಹಿಸುವುದಿಲ್ಲ, ಆದರೆ ಕೊಳವೆಯ ಉದ್ದ, ಪುಷ್ಪಪತ್ರದ ಆಕಾರ ಕಾಣುವುದು ಅದರಲ್ಲಿಯೇ. ಒಂದು ಚಿತ್ರದಲ್ಲಾದರೂ ಸ್ಕೇಲ್ ಇರಲಿ. ಫೋನು ಹಿಂದಿನ ಗೋಡೆಯನ್ನೇ ಸ್ಪಷ್ಟವಾಗಿ ಹಿಡಿದು ಹೂವನ್ನು ಮಸುಕು ಮಾಡುತ್ತಿದ್ದರೆ ಹೂವಿನ ಹಿಂದೆ ಅಂಗೈಯನ್ನೋ ಕಾಗದವನ್ನೋ ಹಿಡಿಯಿರಿ. ಕಡುಬಿಸಿಲಿನಲ್ಲಿ ಕೆಂಪು ಹೂಗಳ ವಿವರ ಅಳಿಸಿಹೋಗುತ್ತದೆ. ಬೆಳಗಿನ ನೆರಳು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ಎಸಳುಗಳು ಕೊಳೆಯುವುದೂ ಎಲೆಗಳಲ್ಲಿ ಶಿಲೀಂಧ್ರದ ಚುಕ್ಕೆ ಏಳುವುದೂ ಸಾಮಾನ್ಯವಾದ್ದರಿಂದ ರೋಗದ ಮಚ್ಚೆಯನ್ನು ಗಿಡದ ಸಹಜ ಬಣ್ಣವೆಂದು ತಿಳಿಯದಂತೆ ಆರೋಗ್ಯವಾದ ಎಲೆಯನ್ನು ಆರಿಸಿ.

7. ಆ್ಯಪ್‌ಗಳನ್ನು ಬಳಸಿ, ಆದರೆ ಮಿತಿ ಅರಿತು

ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಈ ಮೂರೂ ಉಚಿತವಾಗಿ ಸಿಗುತ್ತವೆ. ಪ್ಲಾಂಟ್‌ನೆಟ್‌ನಲ್ಲಿ ಚಿತ್ರ ಹೂವಿನದೇ, ಎಲೆಯದೇ, ಕಾಯಿಯದೇ, ತೊಗಟೆಯದೇ ಎಂದು ಸೂಚಿಸುವ ಅವಕಾಶವಿದ್ದು, ಒಂದೇ ಗಿಡದ ಹಲವು ಚಿತ್ರಗಳನ್ನು ಒಟ್ಟಿಗೆ ಕೊಡಬಹುದು. ಹಾಗೆ ಕೊಟ್ಟಾಗ ಉತ್ತರದ ಗುಣಮಟ್ಟ ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಐನ್ಯಾಚುರಲಿಸ್ಟ್‌ನಲ್ಲಿ ಯಂತ್ರದ ಸಲಹೆಯ ಜೊತೆಗೆ ಬಳಕೆದಾರರ ಅಭಿಪ್ರಾಯವೂ ಸಿಗುತ್ತದೆ. ಅಲ್ಲಿ ಹಾಕುವಾಗ ನೆಟ್ಟು ಬೆಳೆಸಿದ ಗಿಡವೆಂದು ತಪ್ಪದೆ ಗುರುತು ಮಾಡಿ, ಏಕೆಂದರೆ ಆ ತಾಣದ ಮುಖ್ಯ ಆಸಕ್ತಿ ಕಾಡುಗಿಡಗಳ ಹರಡುವಿಕೆಯಲ್ಲಿದೆ. ಮನೆಯ ನಿಖರ ಜಾಗ ಎಲ್ಲರಿಗೂ ಕಾಣದಂತೆ ಮರೆಮಾಡುವ ಆಯ್ಕೆಯನ್ನೂ ಬಳಸಿಕೊಳ್ಳಿ. ಗೂಗಲ್ ಲೆನ್ಸ್ ವೇಗದ್ದು, ಆದರೆ ಮಾರಾಟದ ಪುಟಗಳ ಚಿತ್ರಗಳನ್ನೂ ಸಮಾನವಾಗಿ ತಂದು ಮುಂದಿಡುತ್ತದೆ, ಮತ್ತು ಬೀಜ ಮಾರುವವರ ಪುಟಗಳಲ್ಲಿ ಬಣ್ಣ ತುಂಬಿದ ಸುಳ್ಳು ಚಿತ್ರಗಳಿಗೆ ಕೊರತೆಯಿಲ್ಲ.

ಬಳಸುವ ಸರಿಯಾದ ವಿಧಾನ ಹೀಗೆ: ಆ್ಯಪ್ ಕೊಡುವ ಮೊದಲ ಹೆಸರನ್ನೇ ಒಪ್ಪದೆ ಮೊದಲ ನಾಲ್ಕೈದು ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಸಸ್ಯವರ್ಣನೆಯನ್ನು ಹುಡುಕಿ, ಅದರಲ್ಲಿ ಹೇಳಿರುವ ಎಲೆ ಜೋಡಣೆ, ಸೊನೆ, ಎಸಳಿನ ಸಂಖ್ಯೆ, ಕಾಯಿ ಇವನ್ನು ನಿಮ್ಮ ಟಿಪ್ಪಣಿಯೊಂದಿಗೆ ಹೋಲಿಸಿ. ಒಂದು ಲಕ್ಷಣ ಖಚಿತವಾಗಿ ವಿರುದ್ಧವಾಗಿದ್ದರೂ, ಉದಾಹರಣೆಗೆ ವರ್ಣನೆಯಲ್ಲಿ ಪರ್ಯಾಯ ಎಲೆಯೆಂದಿದ್ದು ನಿಮ್ಮದರಲ್ಲಿ ಅಭಿಮುಖವಾಗಿದ್ದರೆ, ಚಿತ್ರ ಎಷ್ಟೇ ಹೋಲಲಿ ಆ ಹೆಸರನ್ನು ಕೈಬಿಡಿ. ಎರಡು ಆ್ಯಪ್‌ಗಳು ಒಂದೇ ಹೆಸರು ಹೇಳಿದರೆ ಸಾಕ್ಷ್ಯ ಎರಡಾಯಿತೆಂದು ಭಾವಿಸಬೇಡಿ. ಇಬ್ಬರಿಗೂ ಸಿಕ್ಕಿದ್ದು ನಿಮ್ಮದೇ ಒಂದು ಮಸುಕು ಚಿತ್ರವಾಗಿರಬಹುದು.

8. ಹೆಸರನ್ನು ಖಚಿತಪಡಿಸಿಕೊಳ್ಳಿ

ಊರಿನ ಹೆಸರುಗಳು ಆತ್ಮೀಯವಾದವು, ಆದರೆ ಗುರುತಿಗೆ ಸಾಲವು. ಕೆಂಡಸಂಪಿಗೆ, ನಾಗಸಂಪಿಗೆ, ಗೋಸಂಪಿಗೆ, ಹಸಿರು ಸಂಪಿಗೆ ಎಂಬ ನಾಲ್ಕು ಸಂಪಿಗೆಗಳು ನಾಲ್ಕು ಬೇರೆ ಬೇರೆ ಕುಟುಂಬದ ಸಸ್ಯಗಳು. ಆದ್ದರಿಂದ ಕೊನೆಗೆ ವೈಜ್ಞಾನಿಕ ಹೆಸರಿಗೆ ಹೋಗಲೇಬೇಕು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಸಸ್ಯಗಳಿಗೆ ನೆಲೆಗೊಳಿಸಿದ ಈ ಕ್ರಮದಲ್ಲಿ ಹೆಸರಿಗೆ ಎರಡು ಭಾಗ: ಮೊದಲನೆಯದು ಜಾತಿ, ಅಂದರೆ ಹತ್ತಿರದ ನೆಂಟರ ಗುಂಪು, ಎರಡನೆಯದು ಆ ಗುಂಪಿನೊಳಗಿನ ಪ್ರಭೇದ. ಕೇಪಳದ ಹೆಸರು ಇಕ್ಸೋರ ಕಾಕ್ಸೀನಿಯ. ಸಂಶೋಧನೆ ಬೆಳೆದಂತೆ ಹೆಸರುಗಳೂ ಬದಲಾಗುವುದರಿಂದ ಹಳೆಯ ಪುಸ್ತಕ ಮತ್ತು ಹೊಸ ತಾಣಗಳು ಬೇರೆ ಬೇರೆ ಹೆಸರು ಹೇಳಿದರೆ ಗಾಬರಿ ಬೇಡ. ಮೈಕೇಲಿಯ ಚಂಪಕ ಮತ್ತು ಮ್ಯಾಗ್ನೋಲಿಯ ಚಂಪಕ ಎರಡೂ ನಮ್ಮ ಕೆಂಡಸಂಪಿಗೆಯೇ. ವಿಂಕಾ ರೋಸಿಯ ಎಂದು ಹಿಂದೆ ಕರೆದದ್ದೇ ಇಂದಿನ ಕ್ಯಾಥರಾಂಥಸ್ ರೋಸಿಯಸ್, ಅಂದರೆ ನಿತ್ಯಪುಷ್ಪ.

ನಮ್ಮ ಜಿಲ್ಲೆಗಳಲ್ಲಿ ತಾನಾಗಿ ಬೆಳೆಯುವ ಗಿಡವಾದರೆ, ಉಡುಪಿಯ ಸಸ್ಯವಿಜ್ಞಾನಿ ಕೆ. ಗೋಪಾಲಕೃಷ್ಣ ಭಟ್ಟರ 'ಫ್ಲೋರಾ ಆಫ್ ಉಡುಪಿ' (2003) ಎಂಬ ಇಂಗ್ಲಿಷ್ ಗ್ರಂಥ ನಂಬಿಕೆಗೆ ಅರ್ಹವಾದ ಆಧಾರ. ಇಂಥ ಗ್ರಂಥಗಳಲ್ಲಿ ಗುರುತಿನ ಕೀಲಿ ಎಂಬ ಭಾಗವಿರುತ್ತದೆ: "ಎಲೆ ಅಭಿಮುಖ" ಅಥವಾ "ಎಲೆ ಪರ್ಯಾಯ" ಎಂಬಂತೆ ಜೋಡಿ ಆಯ್ಕೆಗಳನ್ನು ಕೊಟ್ಟು, ನಿಮ್ಮ ಗಿಡಕ್ಕೆ ಹೊಂದುವುದನ್ನು ಆರಿಸಿದಂತೆಲ್ಲ ಮುಂದಿನ ಜೋಡಿಗೆ ಕಳುಹಿಸುತ್ತ ಕೊನೆಗೆ ಹೆಸರಿಗೆ ತಲುಪಿಸುತ್ತದೆ. ಮೂರು ಮತ್ತು ನಾಲ್ಕನೆಯ ಹಂತದ ಟಿಪ್ಪಣಿ ಕೈಯಲ್ಲಿದ್ದವರಿಗೆ ಕೀಲಿಯಲ್ಲಿ ಹೆಜ್ಜೆಯಿಡುವುದು ಕಷ್ಟವಾಗದು. ವಿದೇಶೀ ಅಲಂಕಾರ ಗಿಡಗಳನ್ನು ಮಾತ್ರ ಸ್ಥಳೀಯ ಗ್ರಂಥದಲ್ಲಿ ಹುಡುಕಿ ನಿರಾಶರಾಗಬೇಡಿ.

ಗಿಡವನ್ನು ಗಿಡದೊಂದಿಗೇ ಹೋಲಿಸುವ ಅವಕಾಶವೂ ಇದೆ. ಮಂಗಳೂರಿನ ಪಿಲಿಕುಳ ನಿಸರ್ಗಧಾಮದ ಸಸ್ಯೋದ್ಯಾನದಲ್ಲಿ ಪಶ್ಚಿಮಘಟ್ಟದ ಮರಗಿಡಗಳನ್ನು ನೋಡಬಹುದು. ಕದ್ರಿ ಉದ್ಯಾನದಲ್ಲಿ ಜನವರಿ ತಿಂಗಳಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ನಡೆಯುವಾಗ ಅಲಂಕಾರ ಗಿಡಗಳ ತಳಿಗಳು ಒಂದೇ ಕಡೆ ಸಿಗುತ್ತವೆ. ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಸಹಾಯ ಕೇಳುವುದಾದರೆ ಬಾಡಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ. ಹೂ, ಮೊಗ್ಗು ಮತ್ತು ನಾಲ್ಕಾರು ಎಲೆಗಳಿರುವ ಒಂದು ಗೇಣು ಉದ್ದದ ಗೆಲ್ಲನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದು ಎಲೆಯನ್ನಾದರೂ ತಳಮೈ ಕಾಣುವಂತೆ ಮಗುಚಿ, ಮೇಲೆ ಭಾರವಿಟ್ಟು ಒಣಗಿಸಿ. ಬೇಸಗೆಯಲ್ಲಿ ದಿನಕ್ಕೊಮ್ಮೆ ಹಾಳೆ ಬದಲಿಸಿದರೆ ಸಾಕು. ಮಳೆಗಾಲದಲ್ಲಿ ಎರಡು ಸಲವಾದರೂ ಬದಲಿಸದಿದ್ದರೆ ಬೂಷ್ಟು ಬರುವುದು ಖಂಡಿತ. ಒಣಗಿದಾಗ ಮಾಯವಾಗುವ ಹೂವಿನ ಬಣ್ಣ, ಪರಿಮಳ, ಸೊನೆಯ ಬಣ್ಣಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.

9. ಎಲ್ಲಿ ನಿಲ್ಲಬೇಕೆಂದು ತಿಳಿಯಿರಿ

ಎಲ್ಲ ಗಿಡವೂ ಪೂರ್ಣ ಹೆಸರಿಗೆ ತಲುಪುವುದಿಲ್ಲ. ದಾಸವಾಳ, ಬೋಗನ್‌ವಿಲ್ಲಾ, ಗುಲಾಬಿಗಳಲ್ಲಿ ಇಂದು ಮಾರಾಟವಾಗುವ ಅನೇಕ ಗಿಡಗಳು ಹಲವು ಪ್ರಭೇದಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳಾಗಿದ್ದು, ತಳಿಯ ಹೆಸರನ್ನು ಮೂಲ ಚೀಟಿಯಿಲ್ಲದೆ ಬರಿಗಣ್ಣಿನಿಂದ ಹೇಳಲಾಗದು. ಅಂಥಲ್ಲಿ "ದಾಸವಾಳದ ಮಿಶ್ರತಳಿ, ಬಹುಸುತ್ತಿನ ಹಳದಿ" ಎಂದು ಬರೆದರೆ ಅದು ಅರೆಬರೆ ಉತ್ತರವೇನಲ್ಲ. ಆಧಾರ ಇರುವಷ್ಟೇ ಹೇಳಿದ ಉತ್ತರ. ಜಾತಿಯವರೆಗೆ ತಿಳಿದರೂ ಗೊಬ್ಬರ, ನೆರಳು, ಗೆಲ್ಲು ಸವರುವ ಕಾಲ, ವಿಷದ ಅಂದಾಜು ಇವುಗಳಿಗೆ ಸಾಕಾಗುತ್ತದೆ. ಆದರೆ ಔಷಧಿಗೋ ಅಡುಗೆಗೋ ಬಳಸುವ ಉದ್ದೇಶವಿದ್ದರೆ ಪ್ರಭೇದದವರೆಗೆ ಖಚಿತವಾಗದೆ, ಬಲ್ಲವರೊಬ್ಬರು ಗಿಡವನ್ನೇ ಕಂಡು ಒಪ್ಪದೆ ಮುಂದುವರಿಯಬಾರದು. ಚಿತ್ರ ನೋಡಿ ಹೇಳಿದ ಹೆಸರು, ಅದು ಯಾರೇ ಹೇಳಿದ್ದಿರಲಿ, ಈ ಕೆಲಸಕ್ಕೆ ಸಾಲದು.

ಹೆಸರು ಸಿಕ್ಕಿದ ಮೇಲೆ ಅದನ್ನು ಗಿಡಕ್ಕೇ ಕಟ್ಟಿಡಿ. ಪೆನ್ನಿನ ಶಾಯಿ ನಮ್ಮ ಮೊದಲ ಮಳೆಗೇ ತೊಳೆದುಹೋಗುವುದರಿಂದ, ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಪಟ್ಟಿಯೊಂದನ್ನು ಕತ್ತರಿಸಿ, ಚೂಪಾದ ಅಂಚುಗಳನ್ನು ಮಡಚಿ, ಅದರ ಮೇಲೆ ಬಾಲ್‌ಪೆನ್ನನ್ನು ಒತ್ತಿ ಗುಳಿ ಬೀಳುವಂತೆ ಬರೆಯಿರಿ. ಊರಿನ ಹೆಸರು, ವೈಜ್ಞಾನಿಕ ಹೆಸರು, ಗಿಡ ಬಂದ ಮೂಲ ಮತ್ತು ವರ್ಷ ಇಷ್ಟಿದ್ದರೆ ಸಾಕು. ಸಂಶಯ ಉಳಿದಿದ್ದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿ. ಗೆಲ್ಲು ದಪ್ಪವಾದಂತೆ ತಂತಿ ತೊಗಟೆಯನ್ನು ಕೊರೆಯದಂತೆ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಿರಿ.